ಹಲಸಾಸುರನಿಗೆ ಮೂರು ವೇಷ

ಮಕ್ಕಳೇ, ಮಕ್ಕಳ ಅಜ್ಜ ಅಜ್ಜಿಯರೇ,

ಕಳೆದ ವಾರ ನಮ್ಮ ಮನೆಯ ಜಗಲಿಯಲ್ಲಿ ಒಂದು ದೊಡ್ಡ ಜಗಳ ನಡೆಯಿತು. ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದಾರೆ. ಅಕ್ಕನಿಗೆ 12 ವರ್ಷ, ತಮ್ಮನಿಗೆ 8. ಅಕ್ಕ ಲ್ಯಾಪ್‌ಟಾಪಿನಲ್ಲಿ ತಾನೇ ಒಂದು ವಿಡಿಯೊ ಗೇಮ್ ಮಾಡಿದ್ದಳು. ತಮ್ಮ ಅದನ್ನು ಆಡಿದ, ಸೋತ. ಮತ್ತೆ ಆಡಿದ, ಮತ್ತೆ ಸೋತ. ಹೀಗೆ ಎರಡು ದಿನ. ಮೂರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಧಡಕ್ಕನೆ ಮುಚ್ಚಿ, "ಅಕ್ಕ ಮೋಸ ಮಾಡ್ತಾಳೆ. ಇನ್ನು ಅವಳ ಜೊತೆ ಏನೂ ಆಡಲ್ಲ" ಎಂದು ಕೂಗಿ, ಕಣ್ಣೊರೆಸಿಕೊಳ್ಳುತ್ತಾ ತೋಟದ ಕಡೆ ಓಡಿದ.

"ಮೋಸ ಏನೂ ಇಲ್ಲ ಅಜ್ಜಿ, ಅವನಿಗೆ ಆಡೋಕೆ ಬರಲ್ಲ ಅಷ್ಟೆ. ನನ್ನ ಬಾಸ್‌ನ ಯಾರೂ ಸೋಲಿಸೋಕೆ ಆಗಲ್ಲ, ಗೊತ್ತಾ?" ಎಂದಳು ಅಕ್ಕ. ಮುಖದಲ್ಲಿ ಹೆಮ್ಮೆಯಿತ್ತು.

ಯಾರೂ ಸೋಲಿಸಲಾಗದ ರಾಕ್ಷಸನನ್ನು ಮಾಡುವುದು ಹೆಮ್ಮೆಯ ವಿಷಯವೇ ಅಲ್ಲವೇ? ಆ ದಿನ ನನಗೆ ಉತ್ತರ ಗೊತ್ತಿರಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಗೊತ್ತಾಯಿತು. ಅದನ್ನೇ ಈ ವಾರ ನಿಮಗೆ ಹೇಳುತ್ತೇನೆ.

ಬಾಸ್ ಎಂದರೆ ಯಾರು?

ಅಜ್ಜ ಅಜ್ಜಿಯರಿಗೆ ಮೊದಲು ಒಂದು ಮಾತು. ಇದು ಆಫೀಸಿನ ಬಾಸ್ ಅಲ್ಲ. ವಿಡಿಯೊ ಗೇಮಿನಲ್ಲಿ ಚಿಲ್ಲರೆ ಶತ್ರುಗಳನ್ನೆಲ್ಲ ದಾಟಿ ಹೋದ ಮೇಲೆ ಕೊನೆಗೆ ಒಬ್ಬ ದೊಡ್ಡ ಶತ್ರು ಎದುರಾಗುತ್ತಾನೆ. ಅವನನ್ನು ಗೆದ್ದರೆ ಮಾತ್ರ ಮುಂದಿನ ದಾರಿ. ಅವನೇ ಬಾಸ್. ಈ ಪದ್ಧತಿ ಇವತ್ತಿನದಲ್ಲ. 1975ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಪ್ಲೇಟೋ ಎಂಬ ಕಂಪ್ಯೂಟರ್ ಜಾಲದಲ್ಲಿ ಮಾಡಿದ ಒಂದು ಆಟದಲ್ಲೇ ನಿಧಿಯನ್ನು ಕಾಯುವ ಚಿನ್ನದ ಡ್ರ್ಯಾಗನ್ ಇತ್ತು.

ನಮ್ಮ ಪುಟ್ಟಿ ಮಾಡಿದ ಬಾಸ್‌ನ ಹೆಸರು ಹಲಸಾಸುರ. ಬಂದ ದಿನ ಅಜ್ಜ ಅಂಗಳದಲ್ಲಿ ಹಲಸಿನ ಹಣ್ಣು ಕೊಯ್ಯುವುದನ್ನು ನೋಡಿ ಅವಳಿಗೆ ಹೊಳೆದದ್ದು. ಮೊದಲು ಅವನು ಮರದ ಕೊಂಬೆಯಲ್ಲಿ ನೇತಾಡುವ ಮುಳ್ಳುಮುಳ್ಳಿನ ಹಲಸು. ಕೆಳಗೆ ಹೋಗುವವರ ತಲೆಯ ಮೇಲೆ ಬೀಳುತ್ತಾನೆ. ಆಮೇಲೆ ಬಾಯಿ ಬಿಟ್ಟು, ಬೀಜಗಳನ್ನು ಗುಂಡಿನ ಹಾಗೆ ಉಗುಳುವ ಭೂತ. ಕೊನೆಗೆ ಇಡೀ ಮೈ ಕರಗಿ ಬೆಟ್ಟದಷ್ಟು ದೊಡ್ಡ ಮೇಣದ ಮುದ್ದೆ. ಮುಟ್ಟಿದವರು ಅಂಟಿಕೊಂಡರು ಎಂದೇ ಲೆಕ್ಕ. ಚಿತ್ರಗಳನ್ನೆಲ್ಲ ಅವಳೇ ಬರೆದಿದ್ದಳು. ಹಲಸಿಗೆ ಹುಬ್ಬು ಗಂಟಿಕ್ಕಿದ ಕಣ್ಣು, ಎರಡು ಕೋರೆಹಲ್ಲು. ನನಗಂತೂ ಬಹಳ ಇಷ್ಟವಾಯಿತು.

ಅವಳು ಆಟ ಮಾಡಿದ್ದು ಸ್ಕ್ರ್ಯಾಚ್ ಎಂಬ ಉಚಿತ ತಂತ್ರಾಂಶದಲ್ಲಿ. ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯವರು ಅದನ್ನು 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದರು. ಅದರಲ್ಲಿ ಕಂಪ್ಯೂಟರಿಗೆ ಹೇಳಬೇಕಾದ ಮಾತುಗಳು ಬಣ್ಣಬಣ್ಣದ ತುಂಡುಗಳಾಗಿರುತ್ತವೆ. ಒಂದರ ಕೆಳಗೆ ಒಂದನ್ನು ಜೋಡಿಸಿದರೆ ಆಟ ನಡೆಯುತ್ತದೆ.

ಪುಟ್ಟಿ ಅದನ್ನು ತೋರಿಸುವಾಗ ನನಗೆ ಒಂದು ಸೋಜಿಗ ಕಂಡಿತು. ಆಟ ನಡೆಯುವ ಜಾಗಕ್ಕೆ ಅಲ್ಲಿ ‘ಸ್ಟೇಜ್’ ಎನ್ನುತ್ತಾರೆ. ಹಿಂದಿನ ಚಿತ್ರ ‘ಬ್ಯಾಕ್‌ಡ್ರಾಪ್’. ಪಾತ್ರ ಮಾಡಬೇಕಾದ ಕೆಲಸದ ಪಟ್ಟಿ ‘ಸ್ಕ್ರಿಪ್ಟ್’. ಒಂದು ಪಾತ್ರ ರೂಪ ಬದಲಿಸಬೇಕಾದರೆ ಬದಲಾಗುವ ಆ ಚಿತ್ರಕ್ಕೆ ‘ಕಾಸ್ಟ್ಯೂಮ್’.

"ಇದೆಂತ ಮಾರಾಯ್ತಿ, ರಂಗಸ್ಥಳ, ಪರದೆ, ಪ್ರಸಂಗ, ವೇಷ. ಯಕ್ಷಗಾನವೇ ಅಲ್ವಾ ಇದು?" ಎಂದೆ.

ಅವಳು ನಕ್ಕಳು. ಆದರೆ ಆ ಮಾತು ಅವಳ ತಲೆಯಲ್ಲಿ ಉಳಿಯಿತು.

ನಾನೂ ಆಡಿ ಸೋತೆ

ತಮ್ಮನ ಮಾತಿನಲ್ಲಿ ಹುರುಳಿದೆಯೋ ನೋಡೋಣ ಎಂದು ನಾನೇ ಆಡಲು ಕೂತೆ. ಬಾಣದ ಗುರುತಿನ ಕೀಲಿ ಒತ್ತಿದರೆ ವೀರ ಓಡುತ್ತಾನೆ, ಉದ್ದದ ಕೀಲಿ ಒತ್ತಿದರೆ ಕತ್ತಿ ಬೀಸುತ್ತಾನೆ. ಮೂರು ಜೀವ. ನಾನು ಮರದ ಕೆಳಗೆ ಎರಡು ಹೆಜ್ಜೆ ಇಟ್ಟೆ, ಹಲಸು ಬಿತ್ತು, ಆಟ ಮುಗಿಯಿತು. ಇನ್ನೊಂದು ಸಲ ಆಡಿದರೂ ಅದೇ ಕಥೆ.

"ಅದು ಬೀಳುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು ಮಗಾ?"

"ಗೊತ್ತಾಗಬಾರದು ಅಜ್ಜಿ. ಗೊತ್ತಾದ್ರೆ ಸುಲಭ ಆಗಿಬಿಡುತ್ತೆ."

"ಮೂರು ಜೀವ ಇತ್ತಲ್ಲ? ನನಗೆ ತಾಗಿದ್ದು ಒಂದೇ ಸಲ."

"ನೀನು ನಿಧಾನ ಅಜ್ಜಿ" ಎಂದಳು. ಇರಬಹುದು ಎಂದು ಸುಮ್ಮನಾದೆ. 68 ವರ್ಷದ ಬೆರಳು ಓಡುವುದಾದರೂ ಎಷ್ಟು?

ಆ ಸಂಜೆ ಹೈದರಾಬಾದಿನಲ್ಲಿರುವ ನನ್ನ ಕಿರಿಮಗನ ವಿಡಿಯೊ ಕರೆ ಬಂತು. ಅವನಿಗೆ ಚಿಕ್ಕಂದಿನಿಂದಲೂ ಇಂಥ ಆಟಗಳ ಹುಚ್ಚು. ಪುಟ್ಟಿ ತನ್ನ ಹಲಸಾಸುರನನ್ನು ತೋರಿಸಿದಳು. ಮಾವ ಚಿತ್ರಗಳನ್ನು ಹೊಗಳಿದ. ಆಮೇಲೆ ಒಂದು ಹಳೆಯ ಆಟದ ಕಥೆ ಹೇಳಿದ.

ಅದು 1998ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ ಎಂಬ ಆಟ. ವೀರನ ಹೆಸರು ಲಿಂಕ್, ರಾಜಕುಮಾರಿ ಜೆಲ್ಡಾ, ಖಳ ಗ್ಯಾನನ್‌ಡಾರ್ಫ್. ಲಿಂಕ್ ಕೊನೆಯ ಗೋಪುರ ಹತ್ತುವಾಗ ಮೇಲಿನಿಂದ ಆರ್ಗನ್ ವಾದ್ಯದ ನಾದ ಕೇಳುತ್ತದೆ. ಹತ್ತಿದಷ್ಟೂ ನಾದ ದೊಡ್ಡದಾಗುತ್ತದೆ. ತುದಿ ಮುಟ್ಟಿದರೆ ಅಲ್ಲಿ ಗ್ಯಾನನ್‌ಡಾರ್ಫ್ ಬೆನ್ನು ಹಾಕಿ ಕೂತು ವಾದ್ಯ ನುಡಿಸುತ್ತಿದ್ದಾನೆ.

ಅವನು ಬೆಳಕಿನ ಚೆಂಡುಗಳನ್ನು ಎಸೆಯುತ್ತಾನೆ. ಅದನ್ನು ಕತ್ತಿಯಿಂದ ಹೊಡೆದು ಅವನಿಗೇ ಹಿಂದಿರುಗಿಸಬೇಕು. "ಆಡೋವನಿಗೆ ಇದು ಹೇಗೆ ಗೊತ್ತಾಗುತ್ತೆ ಹೇಳು?" ಎಂದು ಮಾವ ಕೇಳಿದ. ಪುಟ್ಟಿಗೆ ತಿಳಿಯಲಿಲ್ಲ. "ಎಷ್ಟೋ ಹೊತ್ತಿನ ಹಿಂದೆ, ಕಾಡಿನ ಗುಡಿಯಲ್ಲಿ ಅವನದೇ ಮಾಯಾರೂಪ ಒಂದು ಎದುರಾಗಿರುತ್ತೆ. ಅದೂ ಹೀಗೇ ಚೆಂಡು ಎಸೆದಿರುತ್ತೆ. ಆಗ ಕಲಿತದ್ದು ಈಗ ನೆನಪಾಗುತ್ತೆ. ಕಲಿಸದೇ ಇದ್ದದ್ದನ್ನು ಪರೀಕ್ಷೆಯಲ್ಲಿ ಕೇಳಬಾರದು ಪುಟ್ಟಿ."

ಗ್ಯಾನನ್‌ಡಾರ್ಫ್ ಸೋತ ಮೇಲೆ ಗೋಪುರ ಕುಸಿಯತೊಡಗುತ್ತದೆ. ಜೆಲ್ಡಾಳ ಜೊತೆ 3 ನಿಮಿಷದೊಳಗೆ ಕೆಳಗೆ ಓಡಬೇಕು. ಹೊರಗೆ ಬಂದು ಉಸಿರು ಬಿಟ್ಟರೆ, ಕಲ್ಲಿನ ರಾಶಿಯೊಳಗಿಂದ ಸದ್ದು. ಅವನು ಸತ್ತಿಲ್ಲ. ಹಂದಿಯ ಮುಖದ ಭಾರೀ ಮೃಗವಾಗಿ, ಗ್ಯಾನನ್ ಆಗಿ ಏಳುತ್ತಾನೆ. ಮೊದಲ ಏಟಿಗೇ ಲಿಂಕ್‌ನ ಕತ್ತಿ ಕೈಜಾರಿ ಬೆಂಕಿಯ ಬಳೆಯ ಆಚೆ ಹೋಗಿ ಬೀಳುತ್ತದೆ. ಇಷ್ಟು ಹೊತ್ತು ನಂಬಿದ್ದ ಆಯುಧವೇ ಇಲ್ಲ. ಬೇರೆ ಆಯುಧ ಹುಡುಕಬೇಕು, ಅವನ ಹಿಂದೆ ಸುತ್ತಿ ಬಾಲಕ್ಕೆ ಹೊಡೆಯಬೇಕು.

"ನೋಡು, ರೂಪ ಬದಲಾದಾಗ ಬರೀ ಗಾತ್ರ ಬದಲಾಗಲಿಲ್ಲ. ಆಟದ ನಿಯಮವೇ ಬದಲಾಯಿತು. ಆದರೆ ದಾರಿ ಮುಚ್ಚಲಿಲ್ಲ" ಎಂದು ಹೇಳಿ ಮಾವ ಕರೆ ಮುಗಿಸಿದ.

ಪುಟ್ಟಿ ಏನೂ ಮಾತಾಡಲಿಲ್ಲ. ತಮ್ಮ ಆ ರಾತ್ರಿ ಅಕ್ಕನ ಪಕ್ಕ ಮಲಗದೆ ಅಜ್ಜನ ಹಾಸಿಗೆಗೆ ಹೋದ.

ಚೌಕಿಯಲ್ಲಿ ಕಂಡದ್ದು

ಮರುದಿನ ಹತ್ತಿರದ ಮನೆಯವರೊಬ್ಬರ ಹರಕೆ ಆಟ. ಪ್ರಸಂಗ ದೇವಿ ಮಹಾತ್ಮೆ. ಗದ್ದೆಯಲ್ಲಿ ರಂಗಸ್ಥಳ ಹಾಕಿದ್ದರು. ಇಬ್ಬರನ್ನೂ ಕರೆದುಕೊಂಡು ನಾವು ಬೇಗನೇ ಹೋದೆವು. ಅಜ್ಜನಿಗೆ ಪರಿಚಯದವರಿದ್ದುದರಿಂದ ಚಪ್ಪಲಿ ಹೊರಗೆ ಬಿಟ್ಟು ಚೌಕಿಯೊಳಗೆ ಹೋಗಿ ನೋಡಲು ಬಿಟ್ಟರು. ಚೌಕಿ ಎಂದರೆ ವೇಷ ಕಟ್ಟುವ ಜಾಗ.

ಮಹಿಷಾಸುರನ ವೇಷಧಾರಿ ಕನ್ನಡಿ ಹಿಡಿದು ನೆಲದ ಮೇಲೆ ಕೂತಿದ್ದರು. ಮುಖಕ್ಕೆ ಬಣ್ಣ ಬಳಿದಾಗಿತ್ತು. ಈಗ ಅಕ್ಕಿಹಿಟ್ಟಿನ ಬಿಳಿ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿಯಾಗಿ ಇಡುತ್ತಿದ್ದರು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಬಣ್ಣದ ವೇಷಕ್ಕೆ ಹೀಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಪಕ್ಕದಲ್ಲಿ ಕೋಡುಗಳಿದ್ದ ಕಿರೀಟ ಕಾದು ಕೂತಿತ್ತು.

ತಮ್ಮ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿಯೇಬಿಟ್ಟ.

"ನೀವು ಕೊನೆಗೆ ಸೋಲ್ತೀರಿ ಅಲ್ವಾ?"

"ಹೌದು ಮಗಾ. ದಿನಾ ಸೋಲುದೇ."

"ಮತ್ತೆ ಯಾಕೆ ಇಷ್ಟು ಹೊತ್ತು ಬಣ್ಣ ಹಾಕ್ತೀರಿ?"

ಅವರು ಕಡ್ಡಿ ಕೆಳಗಿಟ್ಟರು. ಮುಖದ ಬಣ್ಣ ಒಡೆಯಬಾರದೆಂದು ನಗದೆ, ತುಟಿಯಷ್ಟೇ ಅಲ್ಲಾಡಿಸಿ ಹೇಳಿದರು: "ನಾನು ಸರಿಯಾಗಿ ಬಾರದಿದ್ರೆ ದೇವಿ ಗೆದ್ದದ್ದಕ್ಕೆ ಬೆಲೆ ಎಂತ ಉಂಟು? ಮಕ್ಕಳು ಹೆದರಿ ಅಮ್ಮನ ಸೆರಗು ಹಿಡೀಬೇಕು. ಆದ್ರೆ ಎದ್ದು ಮನೆಗೆ ಓಡಬಾರದು. ಅಷ್ಟು ಲೆಕ್ಕ ಇಟ್ಟುಕೊಂಡೇ ನಾವು ಕುಣಿಯುದು."

ಪುಟ್ಟಿ ಅದನ್ನು ಕೇಳಿಸಿಕೊಂಡಳು.

ಮಹಿಷನ ಪ್ರವೇಶವನ್ನು ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ನೋಡದ ಮಕ್ಕಳಿಗೆ ಹೇಳುತ್ತೇನೆ. ಅವನು ರಂಗಸ್ಥಳದ ಪರದೆಯ ಹಿಂದಿನಿಂದ ಬರುವುದಿಲ್ಲ. ಜನ ಕೂತಿದ್ದಾರಲ್ಲ, ಅವರ ಬೆನ್ನ ಹಿಂದಿನಿಂದ ಬರುತ್ತಾನೆ. ಮೊದಲು ಚೆಂಡೆಯ ಪೆಟ್ಟು ಬದಲಾಗುತ್ತದೆ. ಎಲ್ಲರೂ ಹಿಂದೆ ತಿರುಗುತ್ತಾರೆ. ದೂರದ ಕತ್ತಲಲ್ಲಿ ಎರಡು ದೊಂದಿ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ, ಆ ಒಂದು ಕ್ಷಣ ಕೋಡುಗಳು ಕಾಣಿಸುತ್ತವೆ. ಮತ್ತೆ ಕತ್ತಲು. ಆಮೇಲೆ ಕೂಗು. ಅವನು ಜನರ ನಡುವೆ ಬರುವ ಹೊತ್ತಿಗೆ ತಮ್ಮ ನನ್ನ ಸೆರಗಿನೊಳಗಿದ್ದ. ಆದರೆ ಒಂದು ಕಣ್ಣು ಹೊರಗಿತ್ತು. ಮನೆಗೆ ಹೋಗೋಣ ಎನ್ನಲಿಲ್ಲ.

"ಅಜ್ಜಿ, ಅವನು ಬರ್ತಾನೆ ಅಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆದ್ರೂ ಹೆದರಿಕೆ ಆಯ್ತು. ಗೊತ್ತಿದ್ದದ್ದಕ್ಕೇ ಇನ್ನೂ ಜಾಸ್ತಿ ಆಯ್ತು" ಎಂದು ಪುಟ್ಟಿ ನನ್ನ ಕಿವಿಯಲ್ಲಿ ಹೇಳಿದಳು.

ಮಹಿಷ ರೂಪ ಬದಲಿಸಿದ್ದು ಯಾಕೆ?

ಹಿಂದಿರುಗುವಾಗ ಟಾರ್ಚಿನ ಬೆಳಕಿನಲ್ಲಿ ಅಜ್ಜ ಮೂಲಕಥೆ ಹೇಳಿದರು. ಮಾರ್ಕಂಡೇಯ ಪುರಾಣದೊಳಗೆ 13 ಅಧ್ಯಾಯಗಳ ದೇವೀಮಾಹಾತ್ಮ್ಯ ಇದೆ. ಅದರ ಮೂರನೆಯ ಅಧ್ಯಾಯದಲ್ಲಿ ಮಹಿಷನ ವಧೆ. ಕೋಣನಾಗಿ ನುಗ್ಗಿ ಬಂದವನಿಗೆ ದೇವಿ ಪಾಶ ಎಸೆದು ಕಟ್ಟುತ್ತಾಳೆ. ಹಗ್ಗದಲ್ಲಿ ಸಿಕ್ಕಿದವನು ಕೋಣನ ರೂಪ ಬಿಟ್ಟು ಸಿಂಹವಾಗುತ್ತಾನೆ. ಸಿಂಹದ ತಲೆ ಕಡಿಯುವಷ್ಟರಲ್ಲಿ ಕತ್ತಿ ಹಿಡಿದ ಮನುಷ್ಯ. ಅವನ ಮೇಲೆ ಬಾಣ ಬಿಟ್ಟರೆ ಆನೆ. ಆನೆ ದೇವಿಯ ಸಿಂಹವನ್ನು ಸೊಂಡಿಲಿನಿಂದ ಎಳೆಯುತ್ತದೆ, ದೇವಿ ಸೊಂಡಿಲು ಕತ್ತರಿಸುತ್ತಾಳೆ. ಆಗ ಮತ್ತೆ ಕೋಣ. ಕೊನೆಗೆ ದೇವಿ ಅವನ ಮೇಲೆ ಹಾರಿ ಕುತ್ತಿಗೆಯ ಮೇಲೆ ಕಾಲಿಡುತ್ತಾಳೆ. ಕೋಣನ ಬಾಯಿಂದ ಅವನ ನಿಜರೂಪ ಅರ್ಧ ಹೊರಗೆ ಬಂದಿರುತ್ತದೆ. ಪೂರ್ತಿ ಹೊರಬರುವ ಮೊದಲೇ ಅವನ ಶಿರ ಬೀಳುತ್ತದೆ.

"ಸುಮ್ಮನೆ ಚಂದಕ್ಕೆ ಅಂತ ಅವನು ರೂಪ ಬದಲಿಸಲಿಲ್ಲ ಪುಟ್ಟಿ. ಪ್ರತಿ ಸಲ ದೇವಿ ಹಾಕಿದ ಪಟ್ಟಿನಿಂದ ತಪ್ಪಿಸಿಕೊಳ್ಳಲಿಕ್ಕೆ ಬದಲಿಸಿದ" ಎಂದರು ಅಜ್ಜ. "ತಪ್ಪಿಸಿಕೊಳ್ಳುವ ಆ ಗಳಿಗೆಯಲ್ಲೇ ಸಿಕ್ಕಿಬಿದ್ದ."

"ಅಂದ್ರೆ ರೂಪ ಬದಲಾಗೋ ಹೊತ್ತೇ ಅವನ ವೀಕ್ ಪಾಯಿಂಟ್!" ಎಂದು ಪುಟ್ಟಿ ದಾರಿಯಲ್ಲೇ ನಿಂತುಬಿಟ್ಟಳು.

ಹಲಸಾಸುರನ ಹೊಸ ಪ್ರಸಂಗ

ಮರುದಿನ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ತೆರೆಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಪೆನ್ಸಿಲು ಹಿಡಿದು ಕೂತಳು. ಒಂದೊಂದು ವೇಷಕ್ಕೂ ನಾಲ್ಕು ಪ್ರಶ್ನೆ ಬರೆದುಕೊಂಡಳು. ಅವನು ಏನು ಮಾಡುತ್ತಾನೆ? ಮಾಡುವ ಮೊದಲು ಹೇಗೆ ತಿಳಿಸುತ್ತಾನೆ? ಅವನಿಗೆ ಯಾವಾಗ ಹೊಡೆಯಬಹುದು? ಯಾಕೆ ಮುಂದಿನ ರೂಪಕ್ಕೆ ಹೋಗುತ್ತಾನೆ?

ಮೊದಲ ವೇಷ, ಮುಳ್ಳು ಹಲಸು. ಬೀಳುವ ಮೊದಲು ಒಂದು ಸೆಕೆಂಡು ತೊಟ್ಟು ನಡುಗುತ್ತದೆ, ಚೆಂಡೆಯ ಸದ್ದು ಬರುತ್ತದೆ. ಬಿದ್ದ ಮೇಲೆ ಮುಳ್ಳು ಮಣ್ಣಿನಲ್ಲಿ ನಾಟಿ ಎರಡು ಸೆಕೆಂಡು ಏಳಲಾಗುವುದಿಲ್ಲ. ಆಗ ಹೊಡೆಯಬೇಕು. ಮೂರು ಏಟು ಬಿದ್ದಾಗ ಸಿಪ್ಪೆ ಸೀಳುತ್ತದೆ. ಸೀಳಿದ್ದರಿಂದಲೇ ಎರಡನೆಯ ವೇಷ ಹುಟ್ಟುತ್ತದೆ.

ಎರಡನೆಯದು ಬೀಜ ಉಗುಳುವ ಭೂತ. ಉಗುಳುವ ಮೊದಲು ಕೆನ್ನೆ ಉಬ್ಬಿ ಹಳದಿಯಾಗುತ್ತದೆ. ಐದು ಬೀಜ ಉಗುಳಿದ ಮೇಲೆ ಬಾಯಿ ಖಾಲಿ. ಆಗ ಹತ್ತಿರ ಹೋಗಬಹುದು. ಬೀಜವೆಲ್ಲ ಮುಗಿದಾಗ ಒಳಗೆ ಉಳಿಯುವುದು ಮೇಣ. ಅದೇ ಮೂರನೆಯ ವೇಷ.

ಮೂರನೆಯದರಲ್ಲಿ ಅವಳು ಸಿಕ್ಕಿಬಿದ್ದಳು. ಮೇಣದ ಮುದ್ದೆಗೆ ಹೊಡೆದರೆ ಕತ್ತಿಯೇ ಅಂಟಿಕೊಳ್ಳುತ್ತದೆ. ಹಾಗಾದರೆ ಗೆಲ್ಲುವುದು ಹೇಗೆ? ಪೆನ್ಸಿಲು ಕಚ್ಚುತ್ತಾ ಅಂಗಳದ ಕಡೆ ನೋಡಿದಳು. ಅಲ್ಲಿ ಅಜ್ಜ ಇನ್ನೊಂದು ಹಲಸು ಕೊಯ್ಯಲು ಕೂತಿದ್ದರು. ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನ ಎಣ್ಣೆ ಸವರಿಕೊಂಡರು.

"ಅಜ್ಜಿ, ಎಣ್ಣೆ!" ಎಂದು ಕಿರುಚಿದಳು.

ಎಣ್ಣೆಯ ಬಟ್ಟಲು ಹಿಡಿದರೆ ಕತ್ತಿ ಅಂಟುವುದಿಲ್ಲ. ಸರಿ, ಆದರೆ ಆಡುವವರಿಗೆ ಇದು ತಿಳಿಯುವುದು ಹೇಗೆ? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಅವಳ ಗೆಳತಿಯರು ಹಲಸು ಕೊಯ್ಯುವುದನ್ನು ನೋಡಿರಲಿಕ್ಕಿಲ್ಲ. ಆಗ ಮಾವನ ಮಾತು ನೆನಪಾಯಿತು. ಆಟದ ಮೊದಲ ಹಂತದಲ್ಲೇ ದಾರಿಗೆ ಅಡ್ಡವಾಗಿ ಒಂದು ಚಿಕ್ಕ ಮೇಣದ ಉಂಡೆ ಇಟ್ಟಳು, ಅದರ ಪಕ್ಕದಲ್ಲಿ ಒಂದು ಎಣ್ಣೆ ಬಟ್ಟಲು. ಅಲ್ಲಿ ಕಲಿತದ್ದು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ವೇಷಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಒಂದು ಲೋಟ ಮಜ್ಜಿಗೆ ಇಟ್ಟಳು. ಕುಡಿದರೆ ಒಂದು ಜೀವ ಮರಳಿ ಬರುತ್ತದೆ. ಆ ಲೋಟ ನನ್ನ ಸಲಹೆ. ಸ್ವಲ್ಪ ಹೆಮ್ಮೆ ಪಡುತ್ತೇನೆ.

ತಮ್ಮ ಹೇಳಿದ್ದೇ ಸರಿ

ಮಧ್ಯಾಹ್ನ ಇದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ ತಾನೇ ಆಡಿದಳು. ತೊಟ್ಟು ನಡುಗಿತು, ಚೆಂಡೆ ಕೇಳಿತು. ಓಡುವುದು ಒಂದು ಕ್ಷಣ ತಡವಾಗಿ ಹಲಸಿನ ಅಂಚು ತಾಗಿತು. ಆಟ ಮುಗಿಯಿತು.

"ಮೂರು ಜೀವ ಇತ್ತಲ್ಲ?" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಇದೇ ಮಾತನ್ನು ನಾನೂ ಹೇಳಿದ್ದೆ, ತಮ್ಮನೂ ಎರಡು ದಿನ ಹೇಳಿದ್ದ.

ಅವಳು ಒಂದು ಉಪಾಯ ಮಾಡಿದಳು. ಜೀವ ಮೂರರ ಬದಲು 100 ಎಂದು ಬರೆದಳು. ಹಲಸಿಗೆ ವೀರನನ್ನು ಸುಮಾರು ಒಂದು ಸೆಕೆಂಡು ತಾಗಿಸಿ ಬಿಡಿಸಿದಳು. ಜೀವ 70ರ ಹತ್ತಿರಕ್ಕೆ ಇಳಿದಿತ್ತು.

ಮಕ್ಕಳೇ, ಇಲ್ಲಿ ನಡೆದದ್ದೇನು ಗೊತ್ತೇ? ‘ತಾಗಿದೆಯೇ ನೋಡು, ತಾಗಿದ್ದರೆ ಒಂದು ಜೀವ ಕಳೆ’ ಎಂಬ ತುಂಡುಗಳನ್ನು ಅವಳು ‘ನಿಲ್ಲದೆ ಮಾಡುತ್ತಿರು’ ಎಂಬ ತುಂಡಿನೊಳಗೆ ಇಟ್ಟಿದ್ದಳು. ಸ್ಕ್ರ್ಯಾಚ್ ಒಂದು ಸೆಕೆಂಡಿಗೆ 30 ಸಲ ಹೀಗೆ ನೋಡುತ್ತದೆ. ನಮ್ಮ ಕಣ್ಣಿಗೆ ಒಂದೇ ಸಲ ತಾಗಿದ ಹಾಗೆ ಕಂಡರೂ, ಕಂಪ್ಯೂಟರಿಗೆ ಅದು ಮೂವತ್ತು ಸಲ ತಾಗಿದ ಹಾಗೆ. ಮೂರು ಜೀವ ಮುಗಿಯಲು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಸಾಕು. ಮೂರು ಜೀವ ಎಂದು ಬರೆದದ್ದೇ ಸುಳ್ಳಾಗಿತ್ತು. ಅವಳು ಬೇಕೆಂದು ಮಾಡಿದ್ದಲ್ಲ. ಆದರೆ ಆಡುವವನಿಗೆ ಅದು ಮೋಸವೇ.

ಸರಿಪಡಿಸಲು ಐದು ನಿಮಿಷವೂ ಬೇಕಾಗಲಿಲ್ಲ. ಒಂದು ಜೀವ ಕಳೆದ ಕೂಡಲೇ ‘ಒಂದು ಸೆಕೆಂಡು ಕಾಯು’ ಎಂಬ ತುಂಡು ಸೇರಿಸಿದಳು. ಆ ಒಂದು ಸೆಕೆಂಡು ವೀರ ಮಿಣುಕುತ್ತಾನೆ, ಆಗ ಯಾರೂ ಅವನಿಗೆ ಏನೂ ಮಾಡಲಾಗದು.

ಕಷ್ಟದ ಕೆಲಸ ಇದ್ದದ್ದು ಆಮೇಲೆ. ತಮ್ಮ ಬಚ್ಚಲಮನೆಯ ಹಿಂದೆ ಬೆಕ್ಕಿನ ಮರಿಗಳ ಜೊತೆ ಕೂತಿದ್ದ. ಪುಟ್ಟಿ ಹೋಗಿ ಎದುರು ನಿಂತಳು. ನಾನು ಅಡಿಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡೆ.

"ನೀನು ಹೇಳಿದ್ದು ಸರಿ ಇತ್ತು. ಒಂದು ಸಲ ತಾಗಿದ್ರೆ ಮೂರೂ ಹೋಗ್ತಿತ್ತು. ತಪ್ಪು ನಂದು. ನಿನಗೆ ಆಡೋಕೆ ಬರಲ್ಲ ಅಂದಿದ್ದೂ ತಪ್ಪು."

ತಮ್ಮ ತಲೆ ಎತ್ತಲಿಲ್ಲ. "ನಾನು ಎಷ್ಟು ಸಲ ಹೇಳ್ದೆ" ಎಂದ.

"ಹೌದು. ನಾನು ಕೇಳಲಿಲ್ಲ."

ಸ್ವಲ್ಪ ಹೊತ್ತು ಬೆಕ್ಕಿನ ಮರಿಗಳ ಸದ್ದು ಮಾತ್ರ. ಆಮೇಲೆ ತಮ್ಮ ಕೇಳಿದ: "ಮೇಣ ಆದ್ಮೇಲೆ ಅವನು ಏನಾಗ್ತಾನೆ?"

"ಸತ್ತುಹೋಗ್ತಾನೆ."

"ಇಲ್ಲ. ಒಳಗೆ ಒಂದು ಬೀಜ ಇರಬೇಕು. ಅದೇ ಅವನ ನಿಜರೂಪ. ಮಹಿಷಾಸುರ ಬಾಯಿಂದ ಹೊರಗೆ ಬಂದ್ನಲ್ಲ, ಹಾಗೆ."

ಹೀಗೆ ಹಲಸಾಸುರನ ಕೊನೆ ಬದಲಾಯಿತು. ಮೇಣವೆಲ್ಲ ಕರಗಿದಾಗ ನಡುವೆ ಒಂದು ಪುಟ್ಟ ಬೀಜ, ಅದಕ್ಕೆ ಅದೇ ಗಂಟಿಕ್ಕಿದ ಹುಬ್ಬು. ವೀರ ಅದನ್ನು ಎತ್ತಿ ಮಣ್ಣಿನಲ್ಲಿ ಹಾಕುತ್ತಾನೆ. ಹಲಸಿನ ಗಿಡ ಏಳುತ್ತದೆ. ಆಟ ಮುಗಿಯುವುದು ಅಲ್ಲಿ.

ಇನ್ನೊಂದು ಸಲ

ಸಂಜೆ ತಮ್ಮ ಆಡಲು ಕೂತ. ಆರು ಸಲ ಸೋತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೊದಲ ಸಲ ಸೋತಾಗ, "ಅಯ್ಯೋ, ತೊಟ್ಟು ನಡುಗಿದ್ದು ನೋಡಲಿಲ್ಲ" ಎಂದ. ನಾಲ್ಕನೆಯ ಸಲ, "ಇನ್ನೂ ಒಂದು ಬೀಜ ಇತ್ತು, ನಾನೇ ಅವಸರ ಮಾಡಿದೆ" ಎಂದ. ಆರನೆಯ ಸಲ, "ಎಣ್ಣೆ ತಗೊಳ್ಳೋಕೆ ಮರೆತೆ" ಎಂದು ತಾನೇ ನಕ್ಕ. ಲ್ಯಾಪ್‌ಟಾಪ್ ಮುಚ್ಚಲಿಲ್ಲ. "ಇನ್ನೊಂದು ಸಲ" ಎಂದ. ಏಳನೆಯ ಸಲ ಬೀಜ ಮಣ್ಣು ಸೇರಿತು. ಅವನಿಗಿಂತ ಜೋರಾಗಿ ಕಿರುಚಿದ್ದು ಅಕ್ಕ.

ನನಗೆ ಉತ್ತರ ಸಿಕ್ಕಿದ್ದು ಆಗಲೇ. ಯಾರೂ ಗೆಲ್ಲಲಾರದ ರಾಕ್ಷಸನನ್ನು ಮಾಡುವುದು ಬಹಳ ಸುಲಭ. ಒಂದು ತುಂಡನ್ನು ತಪ್ಪಾಗಿ ಜೋಡಿಸಿದರೂ ಸಾಕು. ಸೋತವನು ‘ಮೋಸ’ ಎನ್ನದೆ ‘ನನ್ನದೇ ತಪ್ಪು, ಇನ್ನೊಂದು ಸಲ’ ಎನ್ನುವಂಥ ರಾಕ್ಷಸನನ್ನು ಮಾಡುವುದು ಕಷ್ಟ. ಅದಕ್ಕೆ ಮಾಡುವವರು ರಾಕ್ಷಸನ ಪಕ್ಷದಲ್ಲಿರದೆ ಆಡುವವನ ಪಕ್ಷದಲ್ಲಿರಬೇಕು. ಚೌಕಿಯಲ್ಲಿ ಕೂತು ಚುಕ್ಕಿಯ ಮೇಲೆ ಚುಕ್ಕಿ ಇಡುವವರಿಗೆ ಇದು ಮೊದಲೇ ಗೊತ್ತು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಗೇಮ್ ತೋರಿಸಲು ಬಂದರೆ ‘ನಮಗೆ ತಿಳಿಯುವುದಿಲ್ಲ’ ಎನ್ನಬೇಡಿ. ವೇಷ ಬದಲಿಸುವ ಅಸುರರ ಕಥೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಸಲ ನೀವೂ ಆಡಿ ಸೋಲಿ. ನಮ್ಮ ನಿಧಾನದ ಬೆರಳಿಗೆ ಕೆಲವು ತಪ್ಪುಗಳು ಬೇಗ ಸಿಗುತ್ತವೆ.

ಮಕ್ಕಳೇ, ಈ ವಾರದ ಕೆಲಸ ಇದು. ಕಂಪ್ಯೂಟರ್ ಬೇಡ, ಕಾಗದ, ಪೆನ್ಸಿಲು ಸಾಕು. ನಿಮ್ಮ ಊರಿನ ಒಂದು ವಸ್ತುವನ್ನೇ ಅಸುರನನ್ನಾಗಿ ಮಾಡಿ. ರಾಗಿಮುದ್ದೆ ಆಗಬಹುದು, ಜಾತ್ರೆಯ ಗಿರಗಟ್ಟೆ ಆಗಬಹುದು. ಅವನಿಗೆ ಮೂರು ವೇಷ ಕೊಡಿ. ಪುಟ್ಟಿ ಬರೆದ ನಾಲ್ಕು ಪ್ರಶ್ನೆಗಳಿಗೂ ಪ್ರತಿ ವೇಷಕ್ಕೆ ಉತ್ತರ ಬರೆಯಿರಿ. ಕಷ್ಟದ ಲೆಕ್ಕ ಬೇಕೆನ್ನುವವರು ರಕ್ತಬೀಜನನ್ನು ನೆನೆಯಿರಿ. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಅವನಂಥ ಇನ್ನೊಬ್ಬ ಏಳುತ್ತಿದ್ದ. ಹೊಡೆದಷ್ಟೂ ಹೆಚ್ಚುವ ಶತ್ರು! ಕಾಳಿ ರಕ್ತ ನೆಲಕ್ಕೆ ಬೀಳದಂತೆ ಕುಡಿದಳು, ಹಾಗೆ ಗೆದ್ದರು. ನಿಮ್ಮ ಆಟದಲ್ಲಿ ಅಂಥವನನ್ನು ಗೆಲ್ಲುವುದು ಹೇಗೆ, ಆಡುವವರಿಗೆ ಆ ದಾರಿಯನ್ನು ಮೊದಲೇ ಎಲ್ಲಿ ಕಲಿಸುತ್ತೀರಿ?

ಬರೆದಾದ ಮೇಲೆ ತಮ್ಮನಿಗೋ ತಂಗಿಗೋ ತೋರಿಸಿ. ಅವರು "ಇದು ಮೋಸ" ಎಂದರೆ ಕೋಪಿಸಿಕೊಳ್ಳಬೇಡಿ. ಎಲ್ಲಿ ಎಂದು ಕೇಳಿ.

ಮುಂದಿನ ವಾರ ಜಗಲಿಯಲ್ಲಿ ಮತ್ತೆ ಸಿಗೋಣ. ಹಲಸಿನ ಹಪ್ಪಳ ಒಣಗಿಸಿಟ್ಟಿದ್ದೇನೆ.

ನಿಮ್ಮ ಜಗಲಿ ಅಜ್ಜಿ